ಎರಡನೆಯ ಕಾಲೇಜಿಗೆ ನಾನು ಬರುತ್ತಿಲ್ಲ

ಪುಟ್ಟೀ,

ನೀನು ಏಳುವ ಮೊದಲೇ ಕೆಲಸಕ್ಕೆ ಹೊರಟಿದ್ದೇನೆ. ಮನೆಯಲ್ಲಿದ್ದರೆ ಬೇಡ ಬೇಡವೆನ್ನುತ್ತಲೇ ಚಪ್ಪಲಿ ಮೆಟ್ಟಿ ನಿನ್ನ ಜೊತೆ ಹೊರಟುಬಿಡುತ್ತೇನೆ.

ನಿನ್ನೆ ಮೊದಲು ನೋಡಿದ ಕಾಲೇಜಿನ ಮೇಡಂ "ಏನು ಓದ್ಬೇಕು ಅಂತಿದೀಯಮ್ಮಾ?" ಎಂದು ಕೇಳಿದ್ದು ನಿನ್ನನ್ನು. ಉತ್ತರ ಕೊಟ್ಟವರು ನಾನೂ ಅಪ್ಪನೂ, ಅದೂ ಬೇರೆ ಬೇರೆ ಉತ್ತರ. "ಹಾಗಾದ್ರೆ ನೀವಿಬ್ರೇ ಸೇರ್ಕೊಳ್ಳಿ" ಎಂದು ನೀನು ಎದ್ದುಹೋದದ್ದು ತಪ್ಪಲ್ಲ. ಆಮೇಲೆ ಬಸ್ಸಿನಲ್ಲಿ ನಮ್ಮನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತೆಯಲ್ಲ, ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಇವತ್ತು ಎರಡನೆಯದನ್ನೂ ನೋಡಿ, ಯಾವುದೆಂದು ತೀರ್ಮಾನಿಸಿಬಿಡು. ನಾಳೆಗೆ ಸೇರುವ ಗಡುವು ಮುಗಿಯುತ್ತದೆ. ಅಪ್ಪ ಸ್ಕೂಟರಿನಲ್ಲಿ ಬಿಡುತ್ತಾರೆ. ಗೇಟಿನ ಹೊರಗೇ ನಿಲ್ಲಲು ಒಪ್ಪಿದ್ದಾರೆ, ಆದರೂ ನಂಬಬೇಡ. ಲೈಬ್ರರಿಯಲ್ಲಿ ಕೂತು ಓದುವವರಿದ್ದಾರೋ, ಬರೀ ಬೀಗವೋ, ನೋಡು. ಹಾಸ್ಟೆಲಿನ ಬಚ್ಚಲಿನ ಚಿಲಕ ಹಾಕಿ ನೋಡು. ಊಟ ಹೇಗಿದೆಯೆಂದು ವಾರ್ಡನ್ನರನ್ನಲ್ಲ, ಅಲ್ಲಿರುವ ಹುಡುಗಿಯರನ್ನು ಕೇಳು. ಸೇರಿದ ಹೊಸತರಲ್ಲಿ ಯಾರೂ ಜೊತೆಯಾಗದಿದ್ದರೆ ಅಳಬೇಡ. ಎಲ್ಲರೂ ಒಳಗೊಳಗೇ ಹೆದರಿಕೊಂಡಿರುತ್ತಾರೆ.

ನೋಡು, ಏನೂ ಹೇಳಬಾರದೆಂದುಕೊಂಡೇ ಇಷ್ಟು ಹೇಳಿದೆ. ನಿಜವೆಂದರೆ ಯಾವುದು ಒಳ್ಳೆಯದೋ ನನಗೂ ತಿಳಿಯದು. ಸುಮ್ಮನಿದ್ದರೆ ನೀನು ಎಡವುತ್ತೀಯೇನೋ ಎಂಬ ಭಯ. ಬಾಯಿ ಬಿಟ್ಟರೆ ನಿನ್ನೆಯ ಹಾಗಾಗುತ್ತದೆ.

ಮಧ್ಯಾಹ್ನ ಫೋನ್ ಮಾಡಿ, ಯಾವುದನ್ನು ಆರಿಸಿದೆಯೋ ಅದರ ಹೆಸರಷ್ಟೇ ಹೇಳು. ನಾನು ಬುದ್ಧಿ ಹೇಳಲು ಶುರು ಮಾಡಿದರೆ ಕಟ್ ಮಾಡು. ನನಗೆ ಬೇಸರವಾಗುತ್ತದೆ, ಆದರೂ ಕಟ್ ಮಾಡು.

ಅಮ್ಮ