ಕರಿ ಎಳ್ಳಿನ ದೂರು

ಸೇಡಂ, ಇಸವಿ ೨೨೧೭, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಸೇಡಂ ರೊಟ್ಟಿಮನೆಯ ಮಹಾನಂದಾ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆಗೆ ಹನ್ನೆರಡು ತಿಂಗಳಲ್ಲಿ ಜಾಗ ಸಾಲದೆ ನಾವು ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ಹೊಸವು. ಕ್ಷಮಿಸಿ, ಬಂದ ಹಾಗೆ ಬಿಡಿಸಿ ಹೇಳುತ್ತೇನೆ. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಉಳಿದದ್ದನ್ನು ಒಲೆಯ ಮುಂದೆ ಕೂತು, ರೊಟ್ಟಿ ಒಯ್ಯಲು ಬಂದವರ ತಲೆ ತಿಂದು ಕಲಿತೆ.

ನಮ್ಮ ರೊಟ್ಟಿಮನೆಯಲ್ಲಿ ಹನ್ನೊಂದು ಜನ ಹೆಂಗಸರು, ಹನ್ನೊಂದು ಬಡಿಗೈ. ಬಡಿಗೈ ಎಂದರೆ ಹಿಟ್ಟಿನ ಉಂಡೆಯನ್ನು ಬಡಿದು ರೊಟ್ಟಿ ಮಾಡುವ ಯಂತ್ರದ ಕೈ. ಮಣಿಕಟ್ಟಿನಲ್ಲಿ ಅದಕ್ಕೊಂದು ಕಣ್ಣು. ಹಿಟ್ಟು ನಾದುವುದು, ಬೇಯಿಸುವುದು ನಾವು. ಬಡಿಗೈಯನ್ನು ನಡೆಸುವ ತಂತ್ರಾಂಶ ಪುಕ್ಕಟೆ. ನೀವು ಅಂಥದ್ದನ್ನು ಓಪನ್ ಸೋರ್ಸ್ ಎನ್ನುತ್ತಿದ್ದಿರಂತೆ. ನಾವು ದಾಸೋಹ ತಂತ್ರಾಂಶ ಎನ್ನುತ್ತೇವೆ. ಯಾರು ಬೇಕಾದರೂ ಪಂಕ್ತಿಯಲ್ಲಿ ಕೂತು ಉಣ್ಣಬಹುದು, ಮನಸ್ಸಿದ್ದರೆ ಅಡಿಗೆಮನೆಗೂ ಹೋಗಿ ಕೈಜೋಡಿಸಬಹುದು. ತಂತ್ರಾಂಶದೊಳಗಿನ ದೋಷಕ್ಕೆ ನಮ್ಮಲ್ಲಿ ನುಸಿ ಎಂದು ಹೆಸರು. ಒಂದೊಂದು ತಂತ್ರಾಂಶಕ್ಕೂ ಅದನ್ನು ಮಾಡಿದವರೇ ಇಟ್ಟ ಒಂದು ನುಸಿಕಟ್ಟೆ ಇರುತ್ತದೆ. ಕಂಡ ನುಸಿಯನ್ನು ಅಲ್ಲಿ ಬರೆಯಬೇಕು. ಬರೆದದ್ದನ್ನು ಎಲ್ಲರೂ ಓದಬಹುದು. ಇಂಥ ಕಟ್ಟೆಗಳು ನಿಮ್ಮಲ್ಲೂ ಇವೆಯಂತೆ, ನೀವೂ ಅದೊಂದನ್ನು ಬಿಟ್ಟು ದೂರು ಹೇಳಿಕೊಂಡು ಊರೆಲ್ಲ ತಿರುಗುತ್ತೀರಂತೆ.

ನಾವೂ ತಿರುಗಿದವರೇ. ಏಳು ವರ್ಷದ ಹಿಂದೆ ಬಡಿಗೈಗೆ ಹೊಸ ಆವೃತ್ತಿ ಬಂತು. ಎಳ್ಳಮಾವಾಸ್ಯೆ ಹತ್ತಿರವಾದಂತೆ ರೊಟ್ಟಿ ಹರಿಯತೊಡಗಿದವು. ಹಬ್ಬದ ದಿನ ಹೊಲಕ್ಕೆ ಹೊತ್ತೊಯ್ಯುವ ಬುತ್ತಿಯಲ್ಲಿ ಹರಿದ ರೊಟ್ಟಿ ಕಟ್ಟಿಕೊಡಲಾದೀತೇ? ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಯಂತ್ರಗಳನ್ನು ಗುಜರಿಗೆ ಹಾಕಿ ಎಲ್ಲರೂ ಕೈಯಲ್ಲೇ ಬಡಿಯುವುದೆಂದು ತೀರ್ಮಾನವಾಯಿತು. ಆಗ ಯಾರೂ ನಮ್ಮ ಹನ್ನೊಂದು ಜನರಲ್ಲಿ ಹಿರಿಯಳಾದ ಅಂಬವ್ವನ ಮುಖ ನೋಡಲಿಲ್ಲ. ಅವಳಿಗೆ ಆಗ ಎಪ್ಪತ್ತೆರಡು, ಬಲಭುಜ ಮೇಲೇಳುವುದಿಲ್ಲ. ಬಡಿಗೈ ಹೋದರೆ ಒಲೆಯ ಮುಂದಿನ ಅವಳ ಜಾಗವೂ ಹೋದಂತೆಯೇ.

ಆ ವಾರ ನಾವು ಎಲ್ಲೆಲ್ಲಿ ದೂರಿದೆವು ಕೇಳಿ. ಯಂತ್ರವನ್ನು ಗಾಡಿಯಲ್ಲಿ ತಂದಿಳಿಸಿದವನಿಗೆ ಬೈದೆವು; ಅವನು ಅಕ್ಕಿಯನ್ನೂ ಇಳಿಸುತ್ತಾನೆ, ಅದು ಬೇಯದಿದ್ದರೂ ಅವನನ್ನೇ ಕೇಳಬೇಕೇ? ಚಹಾದಂಗಡಿಯಲ್ಲಿ ಹೇಳಿದೆವು. ಮೂರು ತಾಲೂಕಿನ ರೊಟ್ಟಿಯವರ ಹರಟೆಬಳಗದಲ್ಲಿ ಹೇಳಿದಾಗ ನಲವತ್ತು ಜನ ತಮ್ಮದೂ ಹಾಗೆಯೇ ಎಂದರು. ನಲವತ್ತು ಜನ ಒಟ್ಟಿಗೆ ನಿಟ್ಟುಸಿರಿಟ್ಟರೂ ಹರಿದ ಒಂದು ರೊಟ್ಟಿಯೂ ಕೂಡಿಕೊಳ್ಳಲಿಲ್ಲ. ಕೊನೆಗೆ ನಾನೇ ಜಾಣೆಯೆಂದು ಕಟ್ಟೆಗೆ ಹೋಗಿ, ಯಂತ್ರ ಕೆಟ್ಟಿದೆ, ಲಗೂನೆ ಸರಿಮಾಡಿ ಎಂದು ಬರೆದು ಬಂದೆ. ಅದು ಒಲೆಯ ತಂತ್ರಾಂಶದ ಕಟ್ಟೆಯಾಗಿತ್ತು. ಅವರು ಬಡಿಗೈಯ ಕಟ್ಟೆ ಎಲ್ಲಿದೆಯೆಂದು ತೋರಿಸಿ, ಅಲ್ಲಿಯಾದರೂ ಏನು ಕೆಟ್ಟಿದೆ, ಯಾವಾಗ, ಯಾವ ಆವೃತ್ತಿ ಎಂದು ಬರೆಯಿರಿ ಎಂದರು. ಸಿಟ್ಟು ಬಂತು. ಸಿಟ್ಟಿಳಿದ ಮೇಲೆ, ಅದರಲ್ಲಿ ಒಂದಕ್ಕೂ ನನ್ನಲ್ಲಿ ಉತ್ತರವಿಲ್ಲವೆಂದು ಹೊಳೆಯಿತು.

ಮೂರು ದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿದೆ. ಹಳೆ ಹಿಟ್ಟು, ಹೊಸ ಹಿಟ್ಟು, ನೀರಿನ ಬಿಸಿ, ಕೂತವರು ಯಾರು, ಎಲ್ಲವೂ. ಹಿಟ್ಟಿನದೂ ನೀರಿನದೂ ತಪ್ಪಿರಲಿಲ್ಲ. ಬರಿ ರೊಟ್ಟಿ ಇಪ್ಪತ್ತಕ್ಕೆ ಇಪ್ಪತ್ತೂ ನೆಟ್ಟಗೆ. ಬಿಳಿ ಎಳ್ಳಿನವೂ ಅಷ್ಟೇ. ಕರಿ ಎಳ್ಳು ಹಚ್ಚಿದವು ಇಪ್ಪತ್ತರಲ್ಲಿ ಹದಿನೇಳು ಹರಿದವು. ಬಗ್ಗಿ ನೋಡಿದೆ. ಬಡಿಗೈ ತನ್ನ ಕಣ್ಣಿಗೆ ಕಂಡ ಕರಿ ಎಳ್ಳನ್ನು ತೂತೆಂದು ತಿಳಿದು, ಮುಚ್ಚುವುದಕ್ಕೆಂದು ಅದರ ಮೇಲೇ ಬಡಿಯುತ್ತಿತ್ತು, ನಿಜವಾದ ತೂತು ಬೀಳುವ ತನಕ.

ಬರೆಯಲು ಕೂತರೆ ಅಂಬವ್ವನೇ ಅಡ್ಡ ಬಂದಳು. ನಮ್ಮ ಕಡೆ ಒಂದು ನಡಾವಳಿಯಿದೆ: ದಾಸೋಹದಲ್ಲಿ ಕೂತು ಉಪ್ಪು ಕಡಿಮೆ ಎನ್ನಬಾರದು. ಪುಕ್ಕಟೆ ಕೊಟ್ಟವರಿಗೆ ಹೆಸರಿಡಬಾರದು. ಆ ನಲವತ್ತು ಜನ ಕಟ್ಟೆ ಹತ್ತದೆ ಉಳಿದದ್ದೂ ಇದೇ ಮರ್ಯಾದೆಗೆ. ನಾನು ವಾದಕ್ಕೆ ಹೋಗಲಿಲ್ಲ. ಅಂಬವ್ವ ಮೂವತ್ತು ವರ್ಷ ಮಠದ ದಾಸೋಹದಲ್ಲಿ ಅಡಿಗೆ ಮಾಡಿದವಳು. ನಿನ್ನ ಸಾರಿಗೆ ಎಂದಾದರೂ ಉಪ್ಪು ತಪ್ಪಿತ್ತೇ ಎಂದಷ್ಟೇ ಕೇಳಿದೆ. ಅವಳು ಹಿಟ್ಟು ನಾದುವ ಕೊಣಮಿಗೆಯನ್ನು ಕೆರೆಯುತ್ತಲೇ ಹೇಳಿದಳು.

“ಒಂದ್ ಸಲ ಪೂರಾ ಮರ್ತಿದ್ದೆ. ಮುನ್ನೂರು ಮಂದಿ ಸಪ್ಪನ್ ಸಾರು ಉಂಡು, ನನಗ ಕೈಮುಗ್ದು ಹೋದ್ರು. ಕಡೀಕ್ ನಾ ಉಣ್ಲಾಕ್ ಕುಂತಾಗ ಗೊತ್ತಾಯ್ತು. ಒಬ್ಬರರ ಹೇಳಿದ್ರ ಒಂದ್ ಮುಷ್ಟಿ ಹಾಕ್ತಿದ್ನಲ್ಲವ್ವಾ.” ಆಮೇಲೆ ನನ್ನ ಕಡೆ ತಿರುಗಿದಳು. “ಬರಿ. ಆದ್ರ ಬೈಬ್ಯಾಡ, ನೆಟ್ಟಗ ಬರಿ.”

ನೆಟ್ಟಗೆ ಬರೆದೆ. ಆವೃತ್ತಿ ಇಂಥದ್ದು, ಮಾಡಿದ್ದು ಇದು, ಹೀಗಾಗಬೇಕಿತ್ತು, ಆದದ್ದು ಹೀಗೆ, ಹರಿದ ರೊಟ್ಟಿಯ ಚಿತ್ರ ಇಲ್ಲಿದೆ. ಮೊದಲೇ ಯಾರಾದರೂ ಬರೆದಿದ್ದಾರೆಯೇ ಎಂದು ಹುಡುಕಿದೆ, ಒಂದಕ್ಷರವೂ ಇರಲಿಲ್ಲ. ಎರಡನೆಯ ದಿನ ಮಿಜೋರಾಮಿನ ಲಾಲ್‌ರಿನಾ ಎಂಬಾಕೆಯ ಉತ್ತರ ಬಂತು. ಬಡಿಗೈಯನ್ನು ನೋಡಿಕೊಳ್ಳುವವಳು ಅವಳೊಬ್ಬಳೇ. ಕಟ್ಟೆ ಖಾಲಿಯಿದ್ದುದರಿಂದ ತನ್ನ ಯಂತ್ರವನ್ನು ಯಾರೂ ಬಳಸುತ್ತಿಲ್ಲವೆಂದು ತಿಳಿದು, ಬರುವ ತಿಂಗಳು ಬಾಗಿಲು ಹಾಕುವುದರಲ್ಲಿದ್ದಳಂತೆ. ಎಳ್ಳು ಎಂದರೇನೆಂದು ಕೇಳಿದಳು, ಆಮೇಲೆ ತನ್ನ ಯಂತ್ರವನ್ನು ಬಳಸುವವರಿದ್ದಾರೆಂದು ಕುಣಿದಾಡಿದಳಂತೆ. ನಾಲ್ಕನೆಯ ದಿನ ತಿದ್ದಿದ ಆವೃತ್ತಿ ಕೈಗೆ ಬಂತು. ಆ ಎಳ್ಳಮಾವಾಸ್ಯೆಗೆ ಅಂಬವ್ವನ ಬಡಿಗೈ ಆರುನೂರು ಸಜ್ಜೆ ರೊಟ್ಟಿ ಬಡಿಯಿತು, ಕರಿ ಎಳ್ಳು ಹಚ್ಚಿ. ಇಂದಿಗೂ ಅವಳು ಅಲ್ಲೇ ಕೂರುತ್ತಾಳೆ. ಈಗ ವಾರಕ್ಕೊಂದು ನುಸಿ ಹುಡುಕಿ ಬರೆಸುತ್ತಾಳೆ. ಅರ್ಧದಷ್ಟು ನುಸಿಯೇ ಅಲ್ಲ. ಲಾಲ್‌ರಿನಾ ಎಲ್ಲಕ್ಕೂ ಉತ್ತರ ಕೊಡುತ್ತಾಳೆ.

ಇದನ್ನೆಲ್ಲ ನಿಮಗೇಕೆ ಬರೆದೆನೆಂದರೆ, ಲಾಲ್‌ರಿನಾ ಆ ನುಸಿಯ ಬೇರು ಹಿಡಿದು ಇಳಿಯುತ್ತ ಹೋದಾಗ ಅದು ನಿಮ್ಮ ಕಾಲದಲ್ಲಿ ಸಿಕ್ಕಿತು. ಕಪ್ಪು ಚುಕ್ಕೆಯೆಂದರೆ ತೂತು ಎಂಬ ಒಂದು ಸಾಲನ್ನು ನಿಮ್ಮಲ್ಲಿ ಯಾರೋ ಬಟ್ಟೆಯಲ್ಲಿ ತೂತು ಹುಡುಕುವ ಯಂತ್ರದ ಕಣ್ಣಿಗಾಗಿ ಬರೆದಿದ್ದರು. ಬಳಸಿದವರಿಗೆ ಅದರ ತಪ್ಪು ಕಾಣದೆ ಇರಲಿಲ್ಲ. ಕಂಡವರು ಗೆಳೆಯರ ಮುಂದೆ ನಕ್ಕರು, ಕೈಯಲ್ಲಿ ಸರಿಮಾಡಿಕೊಂಡು ಮುಂದೆ ಹೋದರು. ಆ ಸಾಲು ಇನ್ನೂರು ವರ್ಷ ನಡೆದು, ಬಡಿಗೈಯ ಹೊಸ ಆವೃತ್ತಿಯೊಳಗೆ ಸೇರಿ, ನಮ್ಮ ಒಲೆಯವರೆಗೆ ಬಂತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ದೋಷ ಕಂಡರೆ ಆ ತಂತ್ರಾಂಶದ ಕಟ್ಟೆ ಯಾವುದೆಂದು ಹುಡುಕಿ ಅಲ್ಲಿಗೇ ಹೋಗಿ. ಒಂದು ಚೀಟಿಯಲ್ಲಿ ಒಂದೇ ದೋಷ ಬರೆಯಿರಿ. ಕಳ್ಳರು ನುಗ್ಗುವಂಥ ಕಿಂಡಿಯಾದರೆ ಮಾತ್ರ ಕಟ್ಟೆಯ ಮೇಲೆ ಕೂಗದೆ ಅದನ್ನು ಮಾಡಿದವರ ಕಿವಿಯಲ್ಲಿ ಹೇಳಿ. ಉತ್ತರ ತಡವಾದರೆ ಸಿಟ್ಟಾಗಬೇಡಿ. ಅಲ್ಲಿರುವವಳಿಗೂ ಮನೆಯಿದೆ, ಸಂಸಾರವಿದೆ. ಒಂದು ಚೀಟಿ ಬರೆಯಲು ನಿಮಗೆ ಕಾಲು ಗಂಟೆ ಬೇಕಾದೀತು. ಇವತ್ತು ಬೆಳಿಗ್ಗೆ ಏನನ್ನೋ ಕಂಡು, ಇರಲಿ ಬಿಡು ಎಂದಿರಲ್ಲ, ಅದರಿಂದಲೇ ಶುರುಮಾಡಿ. ನಾವು ಇಲ್ಲಿ ಕಾಯುತ್ತಿದ್ದೇವೆ. ಶರಣು.