ಸುಡುವ ಮೊದಲಿನ ಗುಡ್ಡ

ಜುಲೈ 6, ಭಾನುವಾರ

ಇವತ್ತೂ ಅದೇ ಬಂಡೆ, ಅದೇ ಲೆನ್ಸ್. ಟ್ರೈಪಾಡಿನ ಕಾಲು ಕೂರುವ ಜಾಗಕ್ಕೆ ಯಶ್ವಂತ್ ಸುಣ್ಣದ ಚುಕ್ಕೆ ಇಟ್ಟಿದ್ದಾನೆ. ಒಂದು ಬೆರಳು ಆಚೀಚೆ ಆಗಕೂಡದು. ಛತ್ರಿ ಹಿಡಿಯುವುದು ನನ್ನ ಕೆಲಸ. ವಾರವಿಡೀ ಅಚ್ಯುತಾಪುರಂ ಲ್ಯಾಬಿನಲ್ಲಿ ಮಾತ್ರೆ ಪರೀಕ್ಷೆ, ಭಾನುವಾರ ಗಂಡನಿಗೆ ಛತ್ರಿ. ಒಳ್ಳೆ ಬಾಳು.

ಮಾರ್ಚ್‌ನಲ್ಲಿ ಸುಟ್ಟ ಗುಡ್ಡ. ಯಾರೋ ಬೀಡಿ ಎಸೆದರಂತೆ. ಕಾಳಮ್ಮ ಅನ್ನುವವರ ಗೇರುತೋಟ ಪೂರ್ತಿ ಹೋಯಿತು, ಮೇಕೆಗಳೂ. ಈಗ ಕರಿ ಬೊಡ್ಡೆಗಳ ಬುಡದಲ್ಲಿ ಕೆಂಪು ಚಿಗುರು. ಫೋಟೋ ಚೆನ್ನಾಗಿ ಬರುತ್ತಿವೆ, ಒಪ್ಪಿಕೊಳ್ಳಲೇಬೇಕು. ಪೇಪರಿನಲ್ಲಿ ಸುದ್ದಿ ಓದಿ, ಬೆಂಕಿ ಆರಿದ ಮೇಲೆ ಮೊದಲ ಸಲ ಇಲ್ಲಿಗೆ ಬಂದೆ ಅಂತ ನನಗೆ ಹೇಳಿದ್ದಾನೆ.

ಜುಲೈ 19

ವಿಜಯವಾಡದ ಗ್ಯಾಲರಿಯ ಗಂಗಾಭವಾನಿಯವರಿಗೆ ಫೋಟೋ ಕಳಿಸಬೇಕಿತ್ತು. ಯಶ್ವಂತ್ ಅನಕಾಪಲ್ಲಿಯಲ್ಲಿ ಯಾರದೋ ಮದುವೆ ಶೂಟಿಂಗ್‌ನಲ್ಲಿ. “ನೀನೇ ಕಳಿಸಿಬಿಡು” ಅಂದ. ಫೋಲ್ಡರ್ ತೆರೆದೆ.

ಮೊದಲನೆಯದೇ ಹಸಿರು ಗುಡ್ಡ. ಗೇರುಮರಗಳು, ಬೇಲಿ, ಒಳ್ಳೆ ಬಿಸಿಲು. ಅದೇ ಬಂಡೆಯಿಂದ ತೆಗೆದದ್ದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಸುಡುವ ಮೊದಲಿನದು!

ಯಾರೂ ತಿರುಗಿ ನೋಡದ ಗುಡ್ಡ ಅದು. ಸುಡುತ್ತದೆ ಅಂತ ಗೊತ್ತಿಲ್ಲದವನು ಅದನ್ನು ಇಷ್ಟು ನಿಗಾ ಇಟ್ಟು ಯಾಕೆ ತೆಗೆಯುತ್ತಾನೆ? ಏನೂ ಕೇಳದೆ ಎಲ್ಲ ಫೋಟೋ ಕಳಿಸಿದೆ.

ಜುಲೈ 20

ಬಂಡೆಗೆ ಹೋಗಲಿಲ್ಲ. ತಲೆನೋವು ಅಂದೆ. ನಿನ್ನೆ ಸಂಜೆ ಕಾರಿನ ಡಿಕ್ಕಿಯಲ್ಲಿ ಲೈಟರ್ ಸಿಕ್ಕಿತು. ಸಿಗರೇಟು ಮುಟ್ಟದ ಮನುಷ್ಯ. ಪೂಜೆಗೆ ಅಂತಾನೆ. ಕಾರಿನಲ್ಲಿ ಯಾವತ್ತು ಪೂಜೆ ಮಾಡಿದ್ದ?

ಥೂ… ಸ್ವಂತ ಗಂಡನ ಡಿಕ್ಕಿ ತಡಕುವ ಗತಿ ಬಂತಲ್ಲ ನನಗೆ.

ಜುಲೈ 27

ಹಸಿರು ಫೋಟೋ ಬಗ್ಗೆ ಕೇಳಿಯೇಬಿಟ್ಟೆ. ದೋಸೆ ಮುರಿಯುತ್ತಿದ್ದ ಕೈ ನಿಂತಿತು.

“ಅದು ನಿಜವಾದ ಫೋಟೋ ಅಲ್ಲ ತನೂ. ಎಐ. ಸುಟ್ಟ ಫೋಟೋ ಹಾಕಿ ಹಸಿರು ಮಾಡು ಅಂದೆ, ಅಷ್ಟೇ. ಗ್ಯಾಲರಿಯವ್ರು ನಿಜವಾದದ್ದೇ ಅಂದ್ಕೊಂಡಿದಾರೆ. ಯಾರಿಗೂ ಹೇಳ್ಬೇಡ, ಪ್ಲೀಸ್. ಪರುವು ಹೋಗ್ತದೆ.”

ಪರುವು ಅಂದರೆ ಮರ್ಯಾದೆ. ಅತ್ತೆ ಬಳ್ಳಾರಿಯವರು, ಇವನು ವಿಜಯವಾಡದಲ್ಲೇ ಹುಟ್ಟಿ ಬೆಳೆದವನು. ಗಾಬರಿಯಾದರೆ ಬಾಯಿಗೆ ತೆಲುಗು ನುಗ್ಗುತ್ತದೆ.

ನಗು, ಅಳು ಎರಡೂ ಒಟ್ಟಿಗೆ ಬಂತು. ಗಂಡ ಮೋಸಗಾರ, ಅಷ್ಟೇ! ಬೆಂಕಿ ಇಟ್ಟವನಲ್ಲ. ನಂಬಿದೆ. ನಂಬಬೇಕಿತ್ತು ನನಗೆ. ಇನ್ನೊಂದು ದೋಸೆ ಹಾಕಿಕೊಟ್ಟೆ.

ಆಗಸ್ಟ್ 9

ಗಂಗಾಭವಾನಿಯವರ ಫೋನ್. ಫೋಟೋ ಪ್ರದರ್ಶನದ ಉದ್ಘಾಟನೆಗೆ ಕಾಳಮ್ಮನೇ ದೀಪ ಹಚ್ಚಬೇಕಂತೆ. ಚೆನ್ನಾಗಿದೆ ಅನಿಸಿತು. ಹೋಗಿ ಬರುವುದಕ್ಕೆ ಟ್ರೇನ್ ಟಿಕೆಟ್ ನಾನೇ ಮಾಡಿಸಿದೆ.

ಯಶ್ವಂತ್ ಮುಖ ಗಂಟಿಕ್ಕಿದ. “ಆಕೆ ಯಾಕೆ? ಮುಸಲಾವಿಡ, ವಯಸ್ಸಾದಾಕೆ, ಅಷ್ಟು ದೂರ… ಬೇಡ.” ಎಐ ಗುಟ್ಟು ಬಯಲಾದೀತು ಅನ್ನುವ ಹೆದರಿಕೆ ಇರಬಹುದು.

ಇರಬಹುದು.

ಆಗಸ್ಟ್ 16, ವಿಜಯವಾಡದ ಪಟಮಟ, ಅತ್ತೆಯ ಮನೆ. ರಾತ್ರಿ

ಆದದ್ದನ್ನು ಆದಹಾಗೇ ಬರೆಯುತ್ತೇನೆ.

ಗ್ಯಾಲರಿಯಲ್ಲಿ ಕಾಳಮ್ಮ ದೀಪ ಹಚ್ಚಿದರು. ಆಮೇಲೆ ಸೀದಾ ಹಸಿರು ಗುಡ್ಡದ ಮುಂದೆ ಹೋಗಿ ನಿಂತರು. ಅತ್ತೆ ಕಾಫಿ ತಂದರೆ ಲೋಟ ಮುಟ್ಟಲಿಲ್ಲ. ಬೇಲಿಯ ಮೂಲೆಯ ಮೇಲೆ ಬೆರಳಿಟ್ಟರು. ಅಲ್ಲೊಂದು ಬೆದರುಬೊಂಬೆ. ನೀಲಿ ಅಂಗಿ, ಎದೆಗೆ ಕೆಂಪು ತೇಪೆ. ಗೋಡೆಯಷ್ಟು ದೊಡ್ಡದು ಮಾಡಿದ ಮೇಲೇ ನನಗೂ ಕಂಡದ್ದು.

“ಮಾ ಆಯನ ಚೊಕ್ಕಾ ಅಮ್ಮಾ!” ನಮ್ಮ ಯಜಮಾನರ ಅಂಗಿ ಅಂತ. ಆಮೇಲೆ ಅಳುತ್ತಲೇ ಏನೇನೋ ಹೇಳಿದರು, ನನ್ನ ತೆಲುಗಿಗೆ ನಿಲುಕಲಿಲ್ಲ. ಅತ್ತೆ ಕಣ್ಣೊರೆಸಿಕೊಂಡು ಹೇಳಿದರು:

“ಗಂಡ ಸತ್ತು ವರ್ಷ ತುಂಬೋತನಕ ಆ ಅಂಗಿ ಪೆಟ್ಟಿಗ್ಯಾಗ ಇಟ್ಟಿದ್ಲಂತ. ಹರಿದಲ್ಲಿ ತಾನೇ ತೇಪಿ ಹಚ್ಚ್ಯಾಳ. ವರ್ಷದ ತಿಥಿ ಮುಗಿಸಿ ಮರುದಿನ ಮುಂಜಾನಿ ಬೊಂಬಿಗೆ ಹಾಕಿದ್ಲಂತ, ಇನ್ನ ತ್ವಾಟ ನೀನೇ ಕಾಯಿ ಅಂತ. ಅವತ್ತ ಸಂಜಿಗೇ ಬೆಂಕಿ ಬಿತ್ತಂತ, ತನೂ.”

ಬೆಳಿಗ್ಗೆ ಹಾಕಿದ ಅಂಗಿ ಸಂಜೆಗೆ ಬೂದಿ. ನಡುವೆ ಇದ್ದದ್ದು ಒಂದೇ ಹಗಲು. ಸುಟ್ಟ ಫೋಟೋ ನೋಡಿ ಹಸಿರು ಬಳಿಯುವ ಎಐಗೆ ಆ ತೇಪೆ ಹೇಗೆ ಗೊತ್ತು?

ಅದು ನಿಜವಾದ ಫೋಟೋ. ಆ ಹಗಲು ಅವನು ಆ ಬಂಡೆಯ ಮೇಲಿದ್ದ.

ಕಾಳಮ್ಮ ಯಶ್ವಂತ್‌ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನ್ನ ಮನುಷ್ಯನನ್ನು ಉಳಿಸಿಕೊಟ್ಟೆ ಬಾಬೂ ಅಂದರು. ಅವನು ಅವರನ್ನು ನೋಡಲಿಲ್ಲ. ನನ್ನನ್ನು ನೋಡುತ್ತಿದ್ದ. ನನಗೆ ಅವನನ್ನು ಕಂಡು ಭಯವಾಯಿತು, ಮದುವೆಯಾದ ಮೇಲೆ ಮೊದಲ ಸಲ.

ಈಗ ಹಿಂದಿನ ಕೋಣೆಯಲ್ಲಿ ಕಾಳಮ್ಮ ಮಲಗಿದ್ದಾರೆ. ಹಾಲ್‌ನಲ್ಲಿ ಅವನು ಅಮ್ಮನಿಗೆ ಹೇಳುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ನಾಳೆ ನಸುಕಿಗೇ ಅವರನ್ನು ಊರಿಗೆ ಬಿಟ್ಟುಬರುತ್ತಾನಂತೆ. ಕಾರಿನಲ್ಲಿ. ತಾನೊಬ್ಬನೇ.

“ಟ್ರೇನ್ ಟಿಕೆಟ್ ಐತಲ್ಲೋ,” ಅತ್ತೆ.

“ಪರ್ವಾಲೇದಮ್ಮಾ. ತನೂ ಮಲಗಿರ್ಲಿ, ಎಬ್ಬಿಸ್ಬೇಡ.”

ಇಲ್ಲ. ಈಗಲೇ ಹಿಂದಿನ ಕೋಣೆಗೆ ಹೋಗಬೇಕು. ನನ್ನ ಮುರುಕು ತೆಲುಗಿನಲ್ಲೇ ಆಗಲಿ, ಹೇಳಬೇಕು. ಆ ಕಾರು ಹತ್ತಬೇಡಿ ಕಾಳಮ್ಮಾ, ಆ ಬೆಂಕಿ ಇಟ್ಟವನು—