ಬಾಚಿದ ನಕ್ಷತ್ರಗಳು

ವೀಕ್ಷಣಾಲಯ, ಚಿತ್ರಗಳ ಕೋಣೆ
ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಊರು ಸೇರಿ ವಾರವಾದರೂ ನಿನ್ನಿಂದ ಒಂದು ಸಾಲಿಲ್ಲ. ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತ ಕುಳಿತಿದ್ದೀಯೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದರು. ಅದೇನೂ ಕೀಳು ಕೆಲಸವಲ್ಲ. ಆದರೆ ನಿನ್ನನ್ನು ಅಲ್ಲಿ ಕೂರಿಸಿರುವುದು ಸೂಜಿಯ ಮೇಲಿನ ಪ್ರೀತಿಯಲ್ಲ, ನಮ್ಮ ದೂರದರ್ಶಕದ ಭಯ. ಅದಕ್ಕೇ ಬರೆಯುತ್ತಿದ್ದೇನೆ.

ಆ ರಾತ್ರಿ, ಹಿಂದಿನ ದಿನ ಹಿಂಬಾಲಿಸಿದ್ದ ಕ್ಷುದ್ರಗ್ರಹದ ವೇಗವನ್ನು ಯಂತ್ರದಿಂದ ಅಳಿಸಲು ನೀನು ಮರೆತೆ. ದೂರದರ್ಶಕ ನಕ್ಷತ್ರಗಳನ್ನು ಬಿಟ್ಟು, ಅಲ್ಲಿಲ್ಲದ ಆ ಕಲ್ಲಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೋಯಿತು. ಚಿತ್ರದಲ್ಲಿ ನಕ್ಷತ್ರಗಳೆಲ್ಲ ಗೆರೆಗಳಾದವು. ದೂರದರ್ಶಕದ ಕನ್ನಡಿ ಒರೆಸುವ ಅಣ್ಣ ಪರದೆ ನೋಡಿ, "ಏನಮ್ಮಾ, ನಕ್ಷತ್ರಕ್ಕೆಲ್ಲ ಎಣ್ಣೆ ಹಚ್ಚಿ ಬಾಚಿಬಿಟ್ಟಿದ್ದೀಯಲ್ಲ" ಎಂದಾಗ ಎಲ್ಲರೂ ನಕ್ಕೆವು, ನಿನ್ನೊಬ್ಬಳನ್ನು ಬಿಟ್ಟು. ಚಿತ್ರಗಳನ್ನು ಅಳಿಸಿ, ಮರುದಿನ ರಾಜೀನಾಮೆ ಬರೆದು ನನ್ನ ಕೈಗಿತ್ತು ಹೊರಟುಬಿಟ್ಟೆ.

ಮೊನ್ನೆ ಕಂಪ್ಯೂಟರಿನ ಕಸದ ಬುಟ್ಟಿ ಖಾಲಿ ಮಾಡುವ ಮುನ್ನ ಅವನ್ನು ಒಮ್ಮೆ ತೆರೆದೆ. ಗೆರೆಗಳ ನಡುವೆ ಸಾಸಿವೆಯಷ್ಟು ಸಣ್ಣ ಬಿಂದುವೊಂದು ದುಂಡಗೆ ಕುಳಿತಿತ್ತು. ಎಲ್ಲವೂ ಗೆರೆಯಾದ ಕಡೆ ಒಂದೇ ಒಂದು ದುಂಡಗಿದೆಯೆಂದರೆ, ಅದು ದೂರದರ್ಶಕದ ಜೊತೆಜೊತೆಗೇ ನಡೆದಿರಬೇಕು. ಕ್ಯಾಮೆರಾದ ಕಲೆಯಿದ್ದರೂ ಇರಬಹುದೆಂದು ಅನುಮಾನಿಸಿ, ಲೆಕ್ಕ ಹಾಕಿ ನಿನ್ನೆ ಮತ್ತೆ ಹುಡುಕಿದೆವು. ಎಣಿಸಿದ್ದಕ್ಕಿಂತ ತುಸು ಆಚೆ, ಅಲ್ಲಿತ್ತು. ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿ ಸುತ್ತುವ ಕಲ್ಲು, ಮಗಳೇ. ಯಾವ ದಾಖಲೆಯಲ್ಲೂ ಇಲ್ಲದ್ದು. ಅಂದು ನೀನು ತಪ್ಪಿಲ್ಲದೆ ಕೆಲಸ ಮಾಡಿದ್ದರೆ ಅದರ ಮಂದ ಬೆಳಕು ಚಿತ್ರದಲ್ಲಿ ಚದುರಿಹೋಗಿ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಗೆಂದು ಇನ್ನು ಮುಂದೆ ಮರೆಯುವುದನ್ನೇ ರೂಢಿ ಮಾಡಿಕೊಳ್ಳಬೇಡ.

ಕಳಿಸಿದ ವರದಿಯಲ್ಲಿ, ಕಂಡವರು ಯಾರೆಂಬಲ್ಲಿ ನಿನ್ನ ಹೆಸರಿದೆ. ಆದರೆ ಈ ತಿಂಗಳು ಬಿಡದೆ ಹಿಂಬಾಲಿಸಿ ಅದರ ದಾರಿಯನ್ನು ಗುರುತಿಸದಿದ್ದರೆ, ಸಿಕ್ಕ ಕಲ್ಲು ಮತ್ತೆ ಕತ್ತಲಲ್ಲಿ ಕಳೆದುಹೋಗುತ್ತದೆ. ಆ ಕೆಲಸಕ್ಕೆ ಅಣ್ಣನನ್ನು ಕರೆದರೆ, "ಅವಳ ಕಲ್ಲು, ಅವಳೇ ಕಾಯ್ಲಿ ಮೇಷ್ಟ್ರೇ. ನಂಗೆ ಬಾಚೋಕೆ ಬರಲ್ಲ" ಎನ್ನುತ್ತಾನೆ. ಅಂದು ನಕ್ಕ ತಪ್ಪಿಗೆ ಅವನು ನಿನ್ನೆಯಿಂದ ನಿನ್ನ ಕುರ್ಚಿಯನ್ನು ಎರಡು ಸಲ ಒರೆಸಿದ್ದಾನೆ.

ನಿನ್ನ ದಾರಿ ನೋಡುತ್ತಿರುವ,
ಮೇಷ್ಟ್ರು

ಬರೆಯಲು ಮರೆತದ್ದು: ನಿನ್ನ ರಾಜೀನಾಮೆಯನ್ನು ಮೇಲಿನವರಿಗೆ ಕಳಿಸಿಲ್ಲ. ನಾಲ್ಕಾಗಿ ಮಡಚಿ ನಿನ್ನ ಕುಂಟು ಮೇಜಿನ ಕಾಲಿನಡಿ ಇಟ್ಟಿದ್ದೇನೆ, ಈಗ ಅದು ಅಲುಗುತ್ತಿಲ್ಲ. ಕಳಿಸಲೇಬೇಕೆಂದಿದ್ದರೆ ನೀನೇ ಬಂದು ಮೇಜೆತ್ತು. ನನ್ನ ಸೊಂಟಕ್ಕೆ ಆ ಶಕ್ತಿಯಿಲ್ಲ, ಮನಸ್ಸಿಗಂತೂ ಇಲ್ಲವೇ ಇಲ್ಲ.